ಶೆಟ್ಟರ ಅಂಗಡಿಗೆ ಸಾಮಾನು



ಅಜ್ಜಿಗೆ ಕೊಡೋಕೆ ಮಕ್ಕಳ ಕೈಯಿಂದ ಏನಾದರೂ ಮಾಡಿಸಬೇಕು, ಅವರು ಬಹುಕಾಲ ಇಟ್ಟುಕೊಳ್ಳುವಂಥದ್ದು, ಏನು ಮಾಡಿಸಲಿ ಅಂತ ಕೇಳಿದ್ದೀಯ. ಅದಕ್ಕೆ ಮುಂಚೆ ಅಜ್ಜಿ ಅದನ್ನು ಎಲ್ಲಿಡುತ್ತಾರೆ ಅಂತ ಯೋಚನೆ ಮಾಡು. ಗೋಡೆಗೆ ಅಂಟಿಸಿದ ಕೈಯಚ್ಚು ಮುಂದಿನ ಸಲ ಬಣ್ಣ ಹೊಡೆಸುವಾಗ ಹೋಗುತ್ತೆ. ಶೋಕೇಸಿಗೆ ಸೇರಿದ್ದು ಎದುರಿಗೇ ಇದ್ದರೂ ಯಾರ ಕಣ್ಣಿಗೂ ಬೀಳೋದಿಲ್ಲ. ವರ್ಷಕ್ಕೊಮ್ಮೆ ಟ್ರಂಕಿನಿಂದ ಹೊರಬಂದು, ಒರೆಸಿಕೊಂಡು, ಮತ್ತೆ ಒಳಗೆ ಹೋಗೋ ಸಾಮಾನಿಗೇ ಆಯಸ್ಸು ಜಾಸ್ತಿ. ನಮ್ಮ ಬಸವನಗುಡಿ, ಚಾಮರಾಜಪೇಟೆ, ನಿಮ್ಮ ಮಲ್ಲೇಶ್ವರದ ಮನೆಗಳಲ್ಲಿ ಅದಕ್ಕೆಂದೇ ದಸರಾ ಬೊಂಬೆ ಹಬ್ಬ ಇದೆಯಲ್ಲ. ಅಜ್ಜಿ ಕೂರಿಸೋ ಬೊಂಬೆಯ ಸಾಲಿಗೆ ಸೇರುವಂಥದ್ದನ್ನೇ ಮಾಡಿಸು.

ಪಟ್ಟದ ಬೊಂಬೆ ತಂಟೆಗೆ ಹೋಗಬೇಡ. ಆ ರಾಜ ರಾಣಿ ರಕ್ತಚಂದನದವು, ಮದುವೆಯಲ್ಲಿ ತವರಿನವರು ಕೊಟ್ಟಿದ್ದು. ರವಿಕೆ ಹೊಲಿಯೋರ ಹತ್ತಿರ ಉಳಿದ ರೇಷ್ಮೆ ಚೂರು ತಂದು ಯಾವುದು ರಾಣಿಗೆ ಅಂತ ಮಕ್ಕಳಿಂದ ಆಯ್ಕೆ ಮಾಡಿಸಿದರೆ ಸಾಕು. ಕೆಳಗಿನ ಮೆಟ್ಟಿಲಿಗೆ ಬಾ. ಅಲ್ಲಿ ಶೆಟ್ಟರು ಶೆಟ್ಟಮ್ಮ ಅಂಗಡಿ ಹಾಕಿಕೊಂಡು ಕೂತಿರುತ್ತಾರೆ. ಅವರ ಮುಂದೆ ಅಕ್ಕಿ, ಬೇಳೆ ಗುಡ್ಡೆ ಹಾಕ್ತೀವಿ, ಹಬ್ಬ ಮುಗಿದ ಮೇಲೆ ಅದು ಅಡುಗೆಮನೆಗೆ ವಾಪಸ್. ಆ ಅಂಗಡಿಗೆ ಖಾಯಂ ಸರಕು ನಿನ್ನ ಮಕ್ಕಳು ಒದಗಿಸಲಿ. ಚಿಕ್ಕವನಿಗೆ ಮೂರು ವರ್ಷ, ಉಂಡೆ ಕಟ್ಟೋದು ಬರುತ್ತೆ. ಅವನದು ನಿಂಬೆಹಣ್ಣು, ಕುಂಬಳಕಾಯಿ. ದೊಡ್ಡವಳು ಬುಟ್ಟಿ ಮಾಡಲಿ.

ಇದಕ್ಕೆಲ್ಲ ಅಂಗಡಿಯಲ್ಲಿ ಸಿಗೋ ಕ್ಲೇ ಬೇಡ ಕಣೇ. ಹಿಂದೆ ಮೊರ, ಬುಟ್ಟಿಗೆ ಕಾಗದ ಮೆಂತ್ಯ ರುಬ್ಬಿ ಬಳೀತಿದ್ದರಲ್ಲ, ಅದೇ ಆಗುತ್ತೆ. ನ್ಯೂಸ್‌ಪೇಪರಿನ ಮಸಿ ಕೈಗೆಲ್ಲ ಹತ್ತುತ್ತೆ, ಬರೆದು ಮುಗಿಸಿದ ನೋಟ್‌ಬುಕ್ ಹಾಳೆ ಮೇಲು. ಹರಿಯೋಕೆ ಮಕ್ಕಳಿಗೆ ಬಿಡು, ಅಷ್ಟು ಖುಷಿಯ ಕೆಲಸ ಇನ್ನೊಂದಿಲ್ಲ. ರಾತ್ರಿಯೆಲ್ಲ ನೆನೆಸಿ, ಹಿಂಡಿ, ನೆನೆದ ಮೆಂತ್ಯ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬು. ಮೆಂತ್ಯದ ಲೋಳೆ ಕಾಗದದ ನಾರನ್ನು ಹಿಡಿದು ಬಿಗಿಯುತ್ತೆ, ಕಹಿಗೆ ಹುಳವೂ ದೂರ. ಚಿಕ್ಕವನು ಬಾಯಿಗಿಟ್ಟರೆ ಒಂದೇ ಸಲ, ಆಮೇಲೆ ಇಡೋದಿಲ್ಲ. ಮೈದಾ ಅಂಟಿಗೆ ಜಿರಳೆ ಬರುತ್ತೆ. ಬೈಂಡಿಂಗ್ ಮಾಡೋರು ಅದಕ್ಕೇ ಮೈಲುತುತ್ತ ಹಾಕೋದು. ಅದು ವಿಷ, ಮಕ್ಕಳಿರೋ ಕಡೆ ತರಲೇಬೇಡ. ಅಂಟಿಸೋದಿದ್ದರೆ ಹುಣಿಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕಾಯಿಸಿದ ಅಂಟು ಸಾಕು. ಕೊಪ್ಪಳದ ಕಡೆ ಕಿನ್ನಾಳ ಬೊಂಬೆಯ ಮರದ ಚೂರುಗಳನ್ನು ಜೋಡಿಸೋದೂ ಹುಣಿಸೆ ಬೀಜದ ಅಂಟಿನಿಂದಲೇ.

ಸಣ್ಣ ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಎಣ್ಣೆ ಸವರಿ, ಅದರ ಮೇಲೆ ಹಿಟ್ಟನ್ನು ಒತ್ತಿಸು. ದೊಡ್ಡವಳ ಹೆಬ್ಬೆರಳು ಬಿದ್ದ ಕಡೆಯೆಲ್ಲ ಗುಳಿ ಬೀಳುತ್ತೆ. ಅಂಚು ಒಂದು ಕಡೆ ದಪ್ಪ, ಒಂದು ಕಡೆ ಹರಿದ ಹಾಗೆ. ಅದನ್ನು ಸರಿಮಾಡೋಕೆ ನಿನ್ನ ಕೈ ತುರಿಸುತ್ತೆ, ಗೊತ್ತು. ಮಕ್ಕಳು ಮಲಗಿದ ಮೇಲೆ ತಿದ್ದಿ ನುಣ್ಣಗೆ ಮಾಡೋ ಅಮ್ಮಂದಿರು ಬೇಕಾದಷ್ಟು ಜನ ಇದ್ದಾರೆ. ಅಂಥದ್ದು ಕೊಡೋದಾದರೆ ನಿಮ್ಮ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕೊಂಡು ಕೊಡು, ಇನ್ನೂ ಚೆನ್ನಾಗಿರುತ್ತೆ. ಅಜ್ಜಿಗೆ ಬೇಕಾಗಿರೋದು ಆ ಗುಳಿ.

ನೆರಳಲ್ಲಿ ಒಣಗಿಸು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತೆ. ಬಣ್ಣಕ್ಕೆ ಕೆಮ್ಮಣ್ಣು ಕದಡಿ ಸ್ವಲ್ಪ ಗೋಂದು ಬೆರೆಸು. ಅರಿಶಿನ ಮೊದಲ ದಿನ ಚಂದ, ಬೆಳಕಿಗೆ ಹಾರಿಹೋಗುತ್ತೆ. ಬುಡದಲ್ಲಿ ಹೆಸರು, ವಯಸ್ಸು, ಸಂವತ್ಸರ ಬರೆಸು; ಸಂವತ್ಸರ 60 ವರ್ಷಕ್ಕೆ ಮತ್ತೆ ಅದೇ ಬರೋದರಿಂದ ಇಸವಿಯನ್ನೂ ಹಾಕಿಸು. ಈ ಸಲ ಇಷ್ಟು ಸಾಕು. ಕಾರ್ತಿಕದ ಕಡೇ ಸೋಮವಾರ ನಮ್ಮ ಬಸವನಗುಡಿ ಕಡಲೆಕಾಯಿ ಪರಿಷೆಗೆ ಮಕ್ಕಳನ್ನು ಕರಕೊಂಡು ಬಾ, ಕಡಲೆಕಾಯಿ ಬೀಜ ತಿಂದು ಸಿಪ್ಪೆಯನ್ನು ಜೋಪಾನವಾಗಿ ಮುಚ್ಚಿ ಅಂಟಿಸಿದರೆ ಮುಂದಿನ ವರ್ಷ ಶೆಟ್ಟರ ಅಂಗಡಿಗೆ ಹೊಸ ಸರಕು.

ಯಾವಾಗ ಶುರು ಮಾಡೋದು ಅಂದರೆ, ಗಣೇಶನನ್ನು ಬಿಟ್ಟ ಮೇಲೆ ಹುಣ್ಣಿಮೆಯೊಳಗೆ. ಆಮೇಲೆ ಪಿತೃಪಕ್ಷ ಬರುತ್ತೆ, ಹೊಸದೇನೂ ಕೂಡದು ಅಂತ ನಿಮ್ಮತ್ತೆ ಆಕ್ಷೇಪಣೆ ತೆಗೀತಾರೆ. ಅಂದಹಾಗೆ, ಮಕ್ಕಳು ಮಾಡಿದ ಮಣ್ಣಿನ ಗಣೇಶನನ್ನು ಇಟ್ಟುಕೊಳ್ಳೋಣ ಅಂತ ಅಳ್ತಾರೆ, ಇಟ್ಟುಕೊಳ್ಳಬೇಡ. ಬಕೆಟ್ಟಿನಲ್ಲಿ ಅವರ ಕೈಯಿಂದಲೇ ಬಿಡಿಸಿ, ಆ ನೀರನ್ನು ತುಳಸಿಗೆ ಹಾಕಿಸು.

ದಸರಾ ಶುರುವಾಗೋ ಪಾಡ್ಯದ ದಿನ ಬುಟ್ಟಿಯನ್ನು ಅವರೇ ಶೆಟ್ಟರ ಮುಂದೆ ಇಡಲಿ. ಸಂಜೆ ಬೊಂಬೆ ಬಾಗಿನಕ್ಕೆ ಬರೋ ಮಕ್ಕಳು ಮುಟ್ಟಿ ನೋಡ್ತಾರೆ, ಗದರಬೇಡ. ಒಂದು ನಿಂಬೆಹಣ್ಣು ಕಳೆದುಹೋದರೆ ಮುಂದಿನ ವರ್ಷ ಇನ್ನೊಂದು ಮಾಡಿದರಾಯಿತು. ದಸರಾ ಮುಗಿದ ಮೇಲೆ ಹಳೇ ಪಂಚೆ ತುಂಡಿನಲ್ಲಿ ಸುತ್ತಿಡು. ಮಕ್ಕಳು ಮುಟ್ಟೋ ಸಾಮಾನಾದ್ದರಿಂದ ನುಸಿಗುಳಿಗೆ ಬೇಡ, ಬಜೆ ಬೇರು ಸಾಕು. ನಾಳೆ ಗಾಂಧಿ ಬಜಾರಿಗೆ ಹೋಗ್ತೀನಿ, ಗ್ರಂಧಿಗೆ ಅಂಗಡಿಯಲ್ಲಿ ಬಜೆ, ಕೆಮ್ಮಣ್ಣು ಎರಡೂ ತಂದಿಡ್ತೀನಿ, ಬಂದು ತಗೊಂಡು ಹೋಗು.

ಇತಿ,
ನಿನ್ನ ದೊಡ್ಡಮ್ಮ