ಊರಿನ ಜಾಲತಾಣ ಹಸಿರಾಗಲಿ: ಹೋಸ್ಟಿಂಗ್ ಬದಲಿಸುವ ಮುನ್ನ ಪುಟ ಹಗುರ ಮಾಡಿ

ಅಡಿಕೆ ಧಾರಣೆ ವಿಚಾರಿಸದೆ ಚನ್ನಗಿರಿಯ ತೋಟದವರ ದಿನ ಮುಗಿಯುವುದಿಲ್ಲ. ಹೊನ್ನಾಳಿಯ ಭತ್ತದವರು, ನ್ಯಾಮತಿ–ಜಗಳೂರಿನ ಮೆಕ್ಕೆಜೋಳದವರು ಕೂಡ ಈಗ ದರ, ಮಳೆ, ಬೀಜ–ಗೊಬ್ಬರದ ಸುದ್ದಿಗೆ ಮೊಬೈಲನ್ನೇ ತೆರೆಯುತ್ತಾರೆ. ಸಹಕಾರ ಸಂಘ, ಶಾಲೆ, ಕಲ್ಯಾಣ ಮಂಟಪ, ಗೊಬ್ಬರದಂಗಡಿ ಎಂದು ಊರಿನ ಹಲವರಿಗೆ ಸ್ವಂತ ಜಾಲತಾಣವೂ ಇದೆ. ಆ ತಾಣಕ್ಕೆ ಹೋಸ್ಟಿಂಗ್ ಕಂಪನಿ ಜಾಗ ಕೊಟ್ಟಿರುವುದು ದೂರದ ಯಾವುದೋ ಡೇಟಾ ಸೆಂಟರಿನಲ್ಲಿ. ಅಲ್ಲಿನ ಸರ್ವರಿಗೂ ಅದನ್ನು ತಣ್ಣಗಿಡುವ ಯಂತ್ರಕ್ಕೂ ಹಗಲಿರುಳು ಕರೆಂಟು ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ, 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಶೇ 1.5ರಷ್ಟು ಡೇಟಾ ಸೆಂಟರ್‌ಗಳಿಗೇ ಹೋಗಿದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಇಂದಿಗೂ ಕಲ್ಲಿದ್ದಲಿನದೇ ದೊಡ್ಡ ಪಾಲು. ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

‘ಹಸಿರು ಹೋಸ್ಟಿಂಗ್ ಯಾವುದು ಹೇಳಿ, ಅಲ್ಲಿಗೆ ಹೋಗುತ್ತೇವೆ’ ಎಂದು ಕೇಳುವವರು ಹೆಚ್ಚು. ನನ್ನ ಪ್ರಕಾರ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲ್ಲ. ಭಾರದ ಪುಟವನ್ನು ಯಾವ ಕಂಪನಿಗೆ ಒಯ್ದರೂ ಅದರ ಭಾರ ಇಳಿಯುವುದಿಲ್ಲ. ಪುಟವನ್ನು ಹಗುರ ಮಾಡುವುದು ನಮ್ಮ ಕೈಯಲ್ಲೇ ಇದೆ, ಅದಕ್ಕೆ ಖರ್ಚೂ ಇಲ್ಲ.

ಮೊದಲು ತೂಕ ನೋಡಿ

ಗೂಗಲ್‌ನ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ನಲ್ಲಿ ನಿಮ್ಮ ತಾಣದ ವಿಳಾಸ ಹಾಕಿದರೆ ಪುಟ ಎಷ್ಟು ಎಂಬಿ ಇದೆ, ಯಾವ ಚಿತ್ರ ಅನಗತ್ಯವಾಗಿ ದೊಡ್ಡದಾಗಿದೆ ಎಂಬುದು ಉಚಿತವಾಗಿ ತಿಳಿಯುತ್ತದೆ. ‘ವೆಬ್‌ಸೈಟ್ ಕಾರ್ಬನ್ ಕ್ಯಾಲ್ಕುಲೇಟರ್’ ಪ್ರತಿ ಭೇಟಿಗೆ ಎಷ್ಟು ಇಂಗಾಲ ಎಂದು ಅಂದಾಜು ಕೊಡುತ್ತದೆ. ಎರಡನ್ನೂ ದಿನಾಂಕದ ಸಮೇತ ಬರೆದಿಡಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಕನ್ನಡವನ್ನು ಅಕ್ಷರವಾಗಿಯೇ ಹಾಕಿ

ನಮ್ಮ ತಾಣಗಳಲ್ಲಿ ಅತಿ ಹೆಚ್ಚು ಪೋಲಾಗುವುದು ಇಲ್ಲಿ. ಸಂಘದ ಮಹಾಸಭೆಯ ನೋಟಿಸು, ದರಪಟ್ಟಿ, ಶಾಲೆಯ ಪ್ರವೇಶ ಪ್ರಕಟಣೆ ಎಲ್ಲವನ್ನೂ ಕಾಗದದಲ್ಲಿ ಮುದ್ರಿಸಿ, ಫೋಟೊ ತೆಗೆದು ಏರಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಯೂನಿಕೋಡ್‌ನಲ್ಲಿ (ಯುಟಿಎಫ್–8) ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು. 1,500 ಚಿಹ್ನೆಗಳ ನೋಟಿಸು ನಾಲ್ಕೂವರೆ ಕೆಬಿಯಲ್ಲಿ ಮುಗಿಯುತ್ತದೆ. ಅದೇ ನೋಟಿಸಿನ ಫೋಟೊ 3 ಎಂಬಿ ಇದ್ದರೆ, ಆ ಜಾಗದಲ್ಲಿ ಅಂಥ ಆರುನೂರಕ್ಕೂ ಹೆಚ್ಚು ನೋಟಿಸು ಹಿಡಿಸುತ್ತವೆ! ಸರ್ವರಿನಲ್ಲಿ ‘ಬ್ರಾಟ್ಲಿ’ ಅಥವಾ ‘ಜಿಜಿಪ್’ ಸಂಕುಚನ ಚಾಲೂ ಮಾಡಿಸಿದರೆ ಪಠ್ಯ ಇನ್ನಷ್ಟು ಕುಗ್ಗುತ್ತದೆ. ನೋಟಿಸು ಅಕ್ಷರದಲ್ಲಿದ್ದರೆ ಹುಡುಕಿದಾಗ ಸಿಗುತ್ತದೆ, ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳುತ್ತದೆ. ಸಿಗ್ನಲ್ ಒಂದೇ ಕಡ್ಡಿ ತೋರಿಸುವ ಹಳ್ಳಿಯಲ್ಲೂ ತೆರೆಯುತ್ತದೆ.

ನುಡಿ, ಬರಹದ ಹಳೆಯ ಫೈಲುಗಳಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ತಪ್ಪಿರುವ ಸಾಧ್ಯತೆ ಉಂಟು, ಒಮ್ಮೆ ಓದಿ ತಿದ್ದಿ. ಅಂದದ ಫಾಂಟಿಗಾಗಿ ದೊಡ್ಡ ಕಡತ ಕಳಿಸಬೇಕಾಗಿಯೂ ಇಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ ಎಂಬ ಕನ್ನಡ ಅಕ್ಷರಗಳು ಮೊದಲೇ ಇರುತ್ತವೆ. ಬೇರೆ ಫಾಂಟ್ ಬೇಕೇಬೇಕೆಂದರೆ ಒಂದೇ ಒಂದನ್ನು ‘ವಾಫ್2’ ರೂಪದಲ್ಲಿ ಬಳಸಿ.

ಚಿತ್ರ, ವಿಡಿಯೊ

ಸೂಳೆಕೆರೆಯದೋ ಸಂತೆಬೆನ್ನೂರು ಪುಷ್ಕರಣಿಯದೋ ಫೋಟೊ ಇರಲಿ, ಬೇಡ ಎನ್ನುವುದಿಲ್ಲ. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಏರಿಸದೆ ಅಗಲವನ್ನು 1,200 ಪಿಕ್ಸೆಲ್‌ಗೆ ಇಳಿಸಿ, ‘ವೆಬ್‌ಪಿ’ ರೂಪದಲ್ಲಿ ಉಳಿಸಿ. ಪುಟ ತೆರೆದ ಕೂಡಲೇ ತಾನಾಗಿ ಓಡುವ ವಿಡಿಯೊ ತೆಗೆದುಬಿಡಿ.

ದಿನಕ್ಕೊಮ್ಮೆ ಬದಲಾಗುವ ಪುಟಕ್ಕೆ ದಿನಕ್ಕೊಮ್ಮೆ ಕೆಲಸ ಸಾಕು

ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ದರಗಳು ವಹಿವಾಟು ಮುಗಿದ ಮೇಲೆ ದಿನಕ್ಕೊಮ್ಮೆ ಬದಲಾಗುತ್ತವೆ. ಹಾಗಿದ್ದೂ ಎಷ್ಟೋ ತಾಣಗಳಲ್ಲಿ ಒಬ್ಬೊಬ್ಬ ರೈತ ಪುಟ ತೆರೆದಾಗಲೂ ಸರ್ವರು ಡೇಟಾಬೇಸನ್ನು ಕೆದಕಿ ಅದೇ ಪುಟವನ್ನು ಮತ್ತೆ ಹೊಸದಾಗಿ ಕಟ್ಟುತ್ತದೆ. ದರ ತುಂಬಿದಾಗ ಒಮ್ಮೆ ಪುಟ ಸಿದ್ಧವಾಗಲಿ, ಮರುದಿನದವರೆಗೆ ಎಲ್ಲರಿಗೂ ಅದೇ ಸಿಗಲಿ. ವರ್ಡ್‌ಪ್ರೆಸ್ ತಾಣವಾದರೆ ಕ್ಯಾಶ್ ಪ್ಲಗಿನ್ ಹಾಕಿದರೆ ಆಯಿತು. ಅಂಗಡಿ, ಕಲ್ಯಾಣ ಮಂಟಪದಂಥ ನಾಲ್ಕು ಪುಟದ ತಾಣಕ್ಕೆ ಡೇಟಾಬೇಸೇ ಬೇಡ. ಸರಳ ಎಚ್‌ಟಿಎಂಎಲ್ ಪುಟ ಸಾಕು. ಅದನ್ನು ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಉಚಿತವಾಗಿಯೇ ಇಡಬಹುದು. ಇಡೀ ಸರ್ವರನ್ನು ಒಬ್ಬರೇ ಬಾಡಿಗೆಗೆ ಹಿಡಿದು ಖಾಲಿ ಓಡಿಸುವುದಕ್ಕಿಂತ ಹಂಚಿಕೊಂಡ ಹೋಸ್ಟಿಂಗ್ ಮೇಲು. ಜಿಲ್ಲೆಗಳ ಸರ್ಕಾರಿ ತಾಣಗಳೂ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಒಂದೇ ಸಾಮಾನ್ಯ ಚೌಕಟ್ಟಿನ ಮೇಲೆ ನಡೆಯುತ್ತಿವೆ.

ಸ್ಪೇನ್‌ನ ಬಾರ್ಸಿಲೋನಾದಿಂದ ಹೊರಡುವ ‘ಲೋ–ಟೆಕ್ ಮ್ಯಾಗಜೀನ್’ 2018ರಿಂದ ಮನೆಯ ಬಾಲ್ಕನಿಯ ಸೌರಫಲಕದಿಂದಲೇ ತನ್ನ ತಾಣವನ್ನು ನಡೆಸುತ್ತಿದೆ. ಮೋಡ ಕವಿದು ಬ್ಯಾಟರಿ ಮುಗಿದರೆ ತಾಣವೂ ಮುಚ್ಚುತ್ತದೆ. ಪುಟಗಳನ್ನು ಅಷ್ಟು ಹಗುರ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. ದಿನವೂ ದರ ಕೊಡಬೇಕಾದ ಸಂಘಕ್ಕೆ ಈ ದಾರಿ ಹೊಂದದು. ಊರ ವಿಜ್ಞಾನ ಶಿಕ್ಷಕರು ಶಾಲೆಯಲ್ಲಿ ಮಾಡಿ ತೋರಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಿಕ್ಕಿಲ್ಲ.

ಆಮೇಲೆ ಹೋಸ್ಟಿಂಗ್ ಕಂಪನಿ

‘ದಿ ಗ್ರೀನ್ ವೆಬ್ ಫೌಂಡೇಶನ್’ನ ತಾಣದಲ್ಲಿ ನಿಮ್ಮ ವಿಳಾಸ ಕೊಟ್ಟರೆ, ಹೋಸ್ಟಿಂಗ್ ಕಂಪನಿ ಹಸಿರು ವಿದ್ಯುತ್ತಿನ ದಾಖಲೆ ಸಲ್ಲಿಸಿದೆಯೇ ಎಂದು ಗೊತ್ತಾಗುತ್ತದೆ. ಅಷ್ಟಕ್ಕೇ ಸಮಾಧಾನಪಡದೆ ಕಂಪನಿಗೆ ಇಮೇಲ್ ಬರೆಯಿರಿ. ಸರ್ವರು ಯಾವ ಊರಿನಲ್ಲಿದೆ? ಸೌರ, ಪವನ ವಿದ್ಯುತ್ತನ್ನು ನೇರ ಒಪ್ಪಂದದಲ್ಲಿ ಕೊಳ್ಳುತ್ತೀರಾ, ಪ್ರಮಾಣಪತ್ರ ಮಾತ್ರ ಖರೀದಿಸುತ್ತೀರಾ? ಪಿಯುಇ ಎಷ್ಟು? ಪಿಯುಇ ಎಂದರೆ ಡೇಟಾ ಸೆಂಟರಿನ ಒಟ್ಟು ವಿದ್ಯುತ್ತನ್ನು ಕಂಪ್ಯೂಟರುಗಳಿಗೆ ಹೋಗುವ ವಿದ್ಯುತ್ತಿನಿಂದ ಭಾಗಿಸಿದ ಸಂಖ್ಯೆ. 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ತಣ್ಣಗಿಡಲು ಬಳಸುವ ನೀರು ಎಲ್ಲಿಯದು, ಸಂಸ್ಕರಿಸಿದ ಕೊಳಚೆ ನೀರೋ ಕುಡಿಯುವ ನೀರೋ ಎಂಬುದನ್ನೂ ಕೇಳಿ. ಬರ ಕಂಡ ಜಗಳೂರಿನವರು ಕೇಳದೆ ಬಿಡಬಾರದ ಪ್ರಶ್ನೆ ಇದು.

ಸೌರ, ಪವನ ವಿದ್ಯುತ್ತಿನ ನೇರ ಒಪ್ಪಂದಕ್ಕೆ ನಮ್ಮ ರಾಜ್ಯದಲ್ಲಿ ಅವಕಾಶ ಧಾರಾಳವಾಗಿದೆ. ಪಾವಗಡದ ಸೌರ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವಾಟ್. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಕೇಂದ್ರದ 2022ರ ನಿಯಮಗಳ ನಂತರ 100 ಕಿಲೋವಾಟ್ ಬೇಡಿಕೆಯ ಗ್ರಾಹಕರೂ ಹಸಿರು ವಿದ್ಯುತ್ತನ್ನು ಓಪನ್ ಆಕ್ಸೆಸ್‌ನಲ್ಲಿ, ಅಂದರೆ ತಮಗೆ ಬೇಕಾದ ಉತ್ಪಾದಕರಿಂದ ನೇರವಾಗಿ, ಕೊಳ್ಳಬಹುದು. ಮೊದಲು ಈ ಮಿತಿ 1 ಮೆಗಾವಾಟ್ ಇತ್ತು.

ಉಳಿದ ಕೆಲಸ

ಬ್ಯಾಕಪ್‌ಗಳನ್ನು ನಡುರಾತ್ರಿಯ ಬದಲು ಸೌರವಿದ್ಯುತ್ ಹೆಚ್ಚಿರುವ ನಡುಹಗಲಿಗೆ ಹಾಕಿ, ಹಳೆಯ ಪ್ರತಿಗಳನ್ನು ಅಳಿಸಿ. ತಾಣಗಳನ್ನು ತಾವಾಗಿ ಜಾಲಾಡುವ, ನಿಮಗೆ ಉಪಯೋಗವಿಲ್ಲದ ಬಾಟ್‌ಗಳು ಪದೇಪದೇ ಬರುತ್ತಿದ್ದರೆ ತಡೆಯಿರಿ. ಹೋಸ್ಟಿಂಗ್ ಬದಲಿಸಲೇಬೇಕಾದರೆ ನವೀಕರಣಕ್ಕೆ ಒಂದು ತಿಂಗಳಿರುವಾಗಲೇ ಶುರುಮಾಡಿ. ಹೊಸ ಕಡೆ ಪುಟಗಳೆಲ್ಲ ಸರಿಯಾಗಿ ತೆರೆಯುತ್ತವೆಯೇ ನೋಡಿ ಆಮೇಲೆ ಡಿಎನ್‌ಎಸ್ (ತಾಣದ ಹೆಸರನ್ನು ಸರ್ವರಿಗೆ ಜೋಡಿಸುವ ದಾಖಲೆ) ಬದಲಿಸಿ. ಅದು ಎಲ್ಲೆಡೆ ಹರಡಲು 48 ಗಂಟೆಯವರೆಗೆ ಹಿಡಿಯಬಹುದು. ಅಲ್ಲಿಯವರೆಗೆ ಹಳೆಯದನ್ನು ಮುಚ್ಚಬೇಡಿ. ಸಂಘದ ಇಮೇಲ್ ಹಳೆಯ ಖಾತೆಯಲ್ಲೇ ಇದ್ದರೆ ಅದನ್ನೂ ಸಾಗಿಸಿ, ನಂತರ ಖಾತೆ ರದ್ದುಮಾಡಿ ಸ್ವಯಂ ನವೀಕರಣ ನಿಲ್ಲಿಸಿ. ಇಲ್ಲದಿದ್ದರೆ ಎರಡೂ ಕಡೆ ಕರೆಂಟು ಉರಿಯುತ್ತದೆ, ಸಂಘದ ದುಡ್ಡೂ ಎರಡೂ ಕಡೆ ಹೋಗುತ್ತದೆ.