ಹ್ಯಾರೋದ ಬೆಕ್ಕು, ಹನುಮಂತನಗರದ ನಾಯಿ

ನಾವು ತಿನ್ನುವ ಅಕ್ಕಿ, ಬೇಳೆ, ಹಾಲಿಗೆ ಬ್ರಿಟನ್ನಿನಲ್ಲಿ ವ್ಯಾಟ್ ಇಲ್ಲ. ಬೆಕ್ಕಿನ ಊಟಕ್ಕೆ ಶೇ 20ರಷ್ಟಿದೆ. ಪಶುವೈದ್ಯರ ಬಿಲ್ಲಿಗೂ ಅಷ್ಟೇ. ಬೆಕ್ಕಿನ ವಿಮೆಯ ಕಂತಿನೊಳಗೆ ಶೇ 12ರ ವಿಮಾ ತೆರಿಗೆ ಸೇರಿರುತ್ತದೆ. ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಗೆ ಎರಡು ಬೆಕ್ಕುಗಳು ಬಂದ ಮೇಲೆ ಮನೆಖರ್ಚಿನ ಪುಸ್ತಕದಲ್ಲಿ ಅವುಗಳಿಗೊಂದು ಪ್ರತ್ಯೇಕ ಪುಟ ತೆರೆದೆ. ಪಕ್ಕದ ಪುಟ ಬೆಂಗಳೂರಿನ ಬೀದಿನಾಯಿಗಳದು. ದೀಪಾವಳಿ, ಯುಗಾದಿ ಕೂಟಗಳಲ್ಲಿ ಇಲ್ಲಿನ ಕನ್ನಡದ ಸ್ನೇಹಿತರು ಈ ಎರಡು ಪುಟಗಳ ಬಗ್ಗೆಯೇ ಹೆಚ್ಚು ಕೇಳುತ್ತಾರೆ.

ಮೊದಲು ಕೇಳುವುದು, ದತ್ತು ತೆಗೆದುಕೊಳ್ಳಲು ಎಷ್ಟಾಯಿತು ಅಂತ. ಇಡೀ ಲೆಕ್ಕದಲ್ಲಿ ಅತಿ ಚಿಕ್ಕ ಮೊತ್ತ ಅದೇ. ಇಲ್ಲಿನ ಪ್ರಾಣಿಗಳ ಆಶ್ರಯಧಾಮವಾದ ಬ್ಯಾಟರ್‌ಸೀ ಸಂಸ್ಥೆಯನ್ನು 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಲಂಡನ್ನಿನ ಹಾಲೋವೇಯಲ್ಲಿ ದಿಕ್ಕಿಲ್ಲದ ನಾಯಿಗಳಿಗಾಗಿ ಶುರು ಮಾಡಿದರು. 1871ರಲ್ಲಿ ಅದು ಬ್ಯಾಟರ್‌ಸೀಗೆ ಬಂತು, 1883ರಿಂದ ಬೆಕ್ಕುಗಳಿಗೂ ಬಾಗಿಲು ತೆರೆಯಿತು. ಇಂಥ ಆಶ್ರಯಧಾಮದಿಂದ ಬರುವ ಬೆಕ್ಕಿಗೆ ಲಸಿಕೆ, ಸಂತಾನಹರಣ ಚಿಕಿತ್ಸೆ, ಮೈಕ್ರೋಚಿಪ್ ಎಲ್ಲ ಸಾಮಾನ್ಯವಾಗಿ ಮೊದಲೇ ಆಗಿರುತ್ತವೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ತುಂಬಿದ ಸಾಕುಬೆಕ್ಕಿಗೆ ಚಿಪ್ ಕಡ್ಡಾಯ. ಇಲ್ಲದಿದ್ದರೆ 500 ಪೌಂಡ್‌ವರೆಗೂ ದಂಡ ಬೀಳಬಹುದು. ಇವನ್ನೆಲ್ಲ ನಾವೇ ಹೊರಗೆ ಮಾಡಿಸಿದರೆ ದತ್ತುಶುಲ್ಕಕ್ಕಿಂತ ಹೆಚ್ಚು ಆಗುತ್ತದೆ.

ದೊಡ್ಡ ಖರ್ಚು ಆಮೇಲಿನದು. ಊಟ, ಮಲದ ತಟ್ಟೆಯ ಹರಳು, ಚಿಗಟದ ಔಷಧಿ, ವಿಮೆ ಸೇರಿ ಎರಡು ಬೆಕ್ಕಿಗೆ ನಮಗೆ ತಿಂಗಳಿಗೆ ಸುಮಾರು 140 ಪೌಂಡ್ ಬೀಳುತ್ತದೆ. ಮನೆಯೊಳಗೆ ಬೆಳೆದ ಬೆಕ್ಕು ಹದಿನೈದು ವರ್ಷ ಬದುಕುವುದು ಅಪರೂಪವೇನಲ್ಲ. ಗುಣಿಸಿ ನೋಡಿ, 25,000 ಪೌಂಡ್ ದಾಟುತ್ತದೆ. ಈ ಅಂಕಿ ಹೇಳುವುದು ಯಾರನ್ನೂ ಹೆದರಿಸಲಿಕ್ಕಲ್ಲ. ವೀಸಾ, ಕೆಲಸ, ಮನೆ ಮೂರೂ ಅತಂತ್ರವಾಗಿರುವ ಮೊದಲ ವರ್ಷಗಳಲ್ಲಿ ಮಕ್ಕಳ ಒತ್ತಾಯಕ್ಕೆ ಬೆಕ್ಕು ತಂದು, ಆಮೇಲೆ ಬಿಟ್ಟುಕೊಡಬೇಕಾಗಿ ಬಂದು ಅಳುವ ಮನೆಗಳನ್ನು ನೋಡಿದ್ದೇನೆ. ಬಿಟ್ಟುಕೊಟ್ಟಾಗ ಬೆಕ್ಕಿಗೂ ಮಕ್ಕಳಿಗೂ ಆಗುವ ನೋವು ನಿಜವಾದದ್ದು.

ವಿಮೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಬೆಕ್ಕು ಮನೆಗೆ ಬಂದ ವಾರವೇ ಮಾಡಿಸಿ, ‘ಲೈಫ್‌ಟೈಮ್’ ಪಾಲಿಸಿಯನ್ನೇ ತೆಗೆದುಕೊಳ್ಳಿ. ಅಗ್ಗದ ಪಾಲಿಸಿ ಒಂದು ಕಾಯಿಲೆಗೆ ಹನ್ನೆರಡು ತಿಂಗಳು ಹಣ ಕೊಟ್ಟು ಕೈಬಿಡುತ್ತದೆ. ಬೇರೆ ಕಂಪನಿಗೆ ಹೋದರೆ ಅದು ಮೊದಲೇ ಇದ್ದ ಕಾಯಿಲೆಯೆಂದು ಹೊರಗಿಡುತ್ತಾರೆ. ನಮ್ಮ ಗಂಡುಬೆಕ್ಕಿಗೆ ಒಂದು ಚಳಿಗಾಲದ ರಾತ್ರಿ ಮೂತ್ರ ಕಟ್ಟಿತು. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ತುರ್ತು ಚಿಕಿತ್ಸೆಯ ಬಿಲ್ಲು ಎರಡು ಸಾವಿರ ಪೌಂಡ್ ಮೀರಿತು. ನಮ್ಮ ಪಾಲಿನ ಸಣ್ಣ ಮೊತ್ತ ಬಿಟ್ಟು ಉಳಿದದ್ದನ್ನು ವಿಮೆ ಕಟ್ಟಿತು. ದುಡ್ಡಿಗಾಗಿ ಒಂದು ಜೀವದ ಎದುರು ‘ಬೇಡ’ ಎನ್ನಬೇಕಾದ ಸ್ಥಿತಿ ನಮಗೆ ಬರಲಿಲ್ಲ ಎಂಬ ಕೃತಜ್ಞತೆ ಇವತ್ತಿಗೂ ಇದೆ.

ಈ ಬಿಲ್ಲುಗಳು ಏರುತ್ತಲೇ ಇವೆ. 2016ರಿಂದ 2023ರ ನಡುವೆ ಪಶುವೈದ್ಯರ ಶುಲ್ಕ ಸರಾಸರಿ ಶೇ 63ರಷ್ಟು ಏರಿತೆಂದು ಇಲ್ಲಿನ ಸ್ಪರ್ಧಾ ಪ್ರಾಧಿಕಾರವೇ ತನ್ನ ತನಿಖೆಯಲ್ಲಿ ಕಂಡುಕೊಂಡಿದೆ. ದೀರ್ಘಕಾಲದ ಔಷಧಿಯಿದ್ದರೆ ವೈದ್ಯರಿಂದ ಚೀಟಿ ಬರೆಸಿಕೊಂಡು ಆನ್‌ಲೈನ್ ಔಷಧಾಲಯದಲ್ಲಿ ಕೊಳ್ಳಬಹುದು. ಚೀಟಿಯ ಶುಲ್ಕ ಕೊಟ್ಟರೂ ಎಷ್ಟೋ ಸಲ ಉಳಿತಾಯವಾಗುತ್ತದೆ. ಸರ್ಕಾರಿ ಭತ್ಯೆಯ ಮೇಲೆ ಬದುಕುವವರಿಗೆ ಪಿಡಿಎಸ್‌ಎ ಎಂಬ ದತ್ತಿ ಸಂಸ್ಥೆ ಇದೆ. 1917ರಲ್ಲಿ ಮರಿಯಾ ಡಿಕಿನ್ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ಬಡವರ ಪ್ರಾಣಿಗಳಿಗೆಂದು ಪುಕ್ಕಟೆ ಚಿಕಿತ್ಸಾಲಯ ತೆರೆದದ್ದು ಅದರ ಆರಂಭ.

ಬಾಡಿಗೆ ಮನೆಯವರಿಗೆ ಒಂದು ಮಾತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ, 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಸಾಕುಪ್ರಾಣಿಗೆ ಅನುಮತಿ ಕೇಳಿದರೆ ಮಾಲೀಕರು ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಕೇಳುವುದನ್ನು ಬರವಣಿಗೆಯಲ್ಲೇ ಕೇಳಿ. ವಾರ್ಷಿಕ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರದ ಬಾಡಿಗೆ ಮೀರಬಾರದೆಂಬ 2019ರ ನಿಯಮ ಬೆಕ್ಕು ಬಂದರೂ ಬದಲಾಗದು.

ಇನ್ನು ಪಕ್ಕದ ಪುಟ. ನಾನು ಬೆಳೆದ ಹನುಮಂತನಗರದಲ್ಲಿ ನಾಯಿ ಯಾರ ಮನೆಯದೂ ಅಲ್ಲ, ಇಡೀ ಬೀದಿಯದು. ಒಬ್ಬರು ಅನ್ನ ಕಲಸಿ ಇಟ್ಟರೆ ಇನ್ನೊಬ್ಬರು ಮಳೆಗೆ ಗೋಣಿಚೀಲ ಹಾಸುತ್ತಿದ್ದರು. ಲಂಡನ್ನಿನಲ್ಲಿ ಹಾಗೆ ಬೀದಿಯ ನಾಯಿ ಎಂಬುದೇ ಇಲ್ಲ. ಒಂಟಿಯಾಗಿ ಸಿಕ್ಕ ನಾಯಿಯನ್ನು ಕೌನ್ಸಿಲ್‌ನವರು ಒಯ್ದು ಏಳು ದಿನ ಮಾಲೀಕರಿಗಾಗಿ ಕಾಯುತ್ತಾರೆ. ಅದಕ್ಕೇ ಬೆಂಗಳೂರಿಗೆ ಹೋದಾಗ ಅಮ್ಮನ ಗೇಟಿನ ಬಳಿಯ ಕಂದು ನಾಯಿ ನನ್ನ ಗುರುತು ಹಿಡಿದು ಓಡಿಬಂದರೆ, ಕರೆದುಕೊಂಡು ಬಂದುಬಿಡೋಣ ಎಂಬ ಆಸೆ ಉಕ್ಕುತ್ತದೆ. ವಿಚಾರಿಸಿದೆ ಕೂಡ.

ಚಿಪ್ ಹಾಕಿಸಿ ರೇಬಿಸ್ ಲಸಿಕೆ ಕೊಡಿಸಬೇಕು. ಕನಿಷ್ಠ 30 ದಿನವಾದ ಮೇಲೆ ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುಂಚೆ ಲಾಡಿಹುಳುವಿನ ಔಷಧಿ, ಆರೋಗ್ಯ ಪ್ರಮಾಣಪತ್ರ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ನಾಯಿ ಸರಕಾಗಿಯೇ ಬರಬೇಕು. ಹೀಥ್ರೂದಲ್ಲಿ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ನಡೆಸುವ ಪ್ರಾಣಿ ಕೇಂದ್ರದಲ್ಲಿ ಕಾಗದಗಳ ತಪಾಸಣೆ. ನನಗೆ ಸಿಕ್ಕ ಅಂದಾಜು ಮೂರು ಲಕ್ಷ ರೂಪಾಯಿ ಮೀರಿತ್ತು. ಒಂದು ನಾಯಿಯ ಸಂತಾನಹರಣ ಚಿಕಿತ್ಸೆಗೂ ರೇಬಿಸ್ ಲಸಿಕೆಗೂ ಎರಡು ಸಾವಿರ ಹಿಡಿದರೆ, ಅದೇ ಹಣದಲ್ಲಿ ನೂರೈವತ್ತು ನಾಯಿಗಳಿಗೆ ಮಾಡಿಸಬಹುದು. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬಿಸ್ ಹರಡುವ ಸರಪಳಿ ತುಂಡಾಗುತ್ತದೆ. ಅದರಿಂದ ಉಳಿಯುವುದು ಬೀದಿಯಲ್ಲಿ ಆಡುವ ಮಕ್ಕಳ ಪ್ರಾಣವೂ ಹೌದು. ಬೀದಿಯಲ್ಲಿ ಬದುಕಲಾಗದಷ್ಟು ಗಾಯಗೊಂಡ ನಾಯಿಯ ಮಾತು ಬೇರೆ. ಆರೋಗ್ಯವಾಗಿ, ತನ್ನ ಗೆಳೆಯರ ಜೊತೆ ಇರುವ ನಾಯಿಯನ್ನು ಅಲ್ಲೇ ಬಿಟ್ಟು ಅದರ ಇಡೀ ಬೀದಿಗೆ ಹಣ ಕಳಿಸುವುದೇ ದೊಡ್ಡ ಪ್ರೀತಿ ಎಂದು ನಾನು ನಂಬುತ್ತೇನೆ.

ಬೆಂಗಳೂರಿಗೆ ಈ ವಿಷಯದಲ್ಲಿ ಇಂಗ್ಲಿಷ್ ಮಹಿಳೆಯೊಬ್ಬರ ಋಣವಿದೆ. ಕ್ರಿಸ್ಟಲ್ ರೋಜರ್ಸ್ ಭಾರತದಲ್ಲೇ ನೆಲೆಸಿ ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳ ಆಶ್ರಯ ಕಟ್ಟಿ, ಕೊನೆಗೆ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಅವರು ಅಲ್ಲಿಗೆ ಕೊಟ್ಟದ್ದು ತಮ್ಮ ಬದುಕನ್ನೇ. ನಾವು ಇಲ್ಲಿಂದ ಕೊಡುವುದು ಬರೀ ಹಣ. ಅದಾದರೂ ಸರಿಯಾದ ದಾರಿಯಲ್ಲಿ ಹೋಗಬೇಕು.

ಆ ದಾರಿ ನಿಮ್ಮ ಪಾಸ್‌ಪೋರ್ಟಿನ ಮೇಲೆ ನಿಂತಿದೆ. ನನ್ನದು ಭಾರತೀಯ ಪಾಸ್‌ಪೋರ್ಟ್. ನನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದೇಣಿಗೆ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ಕೇಳುತ್ತಾರೆ, ಕೊಡುತ್ತೇನೆ. ನನ್ನ ಪತಿ ಬ್ರಿಟಿಷ್ ಪ್ರಜೆ. ಒಸಿಐ ಕಾರ್ಡ್ ಇದ್ದರೂ ಅವರ ದೇಣಿಗೆ ವಿದೇಶಿಯೇ. ಅದು ಭಾರತದ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿರುವ ಸಂಸ್ಥೆಗೆ ಮಾತ್ರ, ಅದೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಹೋಗಬೇಕು. ಆದ್ದರಿಂದ ಅವರು ಇಲ್ಲಿನ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್‌ಗೆ ಕೊಡುತ್ತಾರೆ. ಊಟಿಯಲ್ಲಿ ಅದರ ತರಬೇತಿ ಕೇಂದ್ರವಿದೆ, ಗೋವಾದಲ್ಲಿ ಮಿಷನ್ ರೇಬಿಸ್ ಕೆಲಸವಿದೆ. ಬ್ರಿಟನ್ನಿನ ನೋಂದಾಯಿತ ಸಂಸ್ಥೆಯಾದ್ದರಿಂದ ಗಿಫ್ಟ್ ಏಡ್ ಸಿಗುತ್ತದೆ: 20 ಪೌಂಡ್ ಕೊಟ್ಟರೆ ಸಂಸ್ಥೆಗೆ 25 ಸೇರುತ್ತದೆ. ಶೇ 40ರ ತೆರಿಗೆ ಕಟ್ಟುವವರು ಅದರಲ್ಲಿ 5 ಪೌಂಡ್ ಮರಳಿ ಪಡೆಯಬಹುದು. ನಮ್ಮ ಪರಿಚಯದ ಬಹಳ ಜನ ಇದನ್ನು ತೆರಿಗೆ ಇಲಾಖೆಯಲ್ಲಿ ಕೇಳುವುದೇ ಇಲ್ಲ. ಕೇಳಿ ಪಡೆದು, ಆ ಐದನ್ನೂ ನಾಯಿಗಳಿಗೇ ಕಳಿಸಿ.