ಮನೆ ಬಿಟ್ಟರೂ ಬಿಲ್ಲು ಬೆನ್ನು ಬಿಡುತ್ತಿಲ್ಲ

ಪ್ರಶ್ನೆ: ಮೇಡಂ, ರಾಜಾಜಿನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ಆರು ವರ್ಷ ಬಾಡಿಗೆಗಿದ್ದೆವು. ಕೆಳಗೆ ಓನರ್ ಆಂಟಿ, ಅಂಕಲ್ ಇದ್ದಾರೆ. ಫೆಬ್ರವರಿ ಕೊನೆಗೆ ಖಾಲಿ ಮಾಡಿ ಕೆಂಗೇರಿ ಕಡೆ ಬಂದೆವು. ಒಂದೂವರೆ ಲಕ್ಷ ಅಡ್ವಾನ್ಸ್‌ನಲ್ಲಿ 1,10,000 ಕೊಟ್ಟು, "ಬಿಲ್ಲೆಲ್ಲ ಬರಲಿ, ಉಳಿದದ್ದು ಆಮೇಲೆ" ಅಂದರು. ಈಗ ಜುಲೈ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 18,000 ಹಿಡಿದುಕೊಂಡಿದ್ದಾರೆ. ಅದು ಅಗ್ರಿಮೆಂಟ್‌ನಲ್ಲೇ ಇತ್ತು, ತಕರಾರಿಲ್ಲ. ಆದರೆ ಮೇ, ಜೂನ್ ತಿಂಗಳ ಕರೆಂಟ್ ಬಿಲ್ 1,870 ಮತ್ತು 2,040 ನಾವೇ ಕೊಡಬೇಕಂತೆ, ಯಾಕೆಂದರೆ "ಉಚಿತ ಕರೆಂಟಿನ ಗೃಹಜ್ಯೋತಿ ನಿಮ್ಮ ಯಜಮಾನರ ಹೆಸರಲ್ಲಿದೆ". ಏಪ್ರಿಲ್ ಮಧ್ಯದಿಂದ ಆ ಮನೆಯಲ್ಲಿ ಬೇರೆಯವರಿದ್ದಾರೆ! ಬೆಸ್ಕಾಂ ಕೇಳಿದ ಹೆಚ್ಚುವರಿ ಡಿಪಾಸಿಟ್ 1,560, ನೀರಿನ ಹಳೇ ಬಾಕಿಯಲ್ಲಿ ನಮ್ಮ ಪಾಲು 6,400 ಎಂದೂ ಸೇರಿಸಿದ್ದಾರೆ. ನೀರಿಗೆ ಪ್ರತಿ ತಿಂಗಳು ಬಾಡಿಗೆಯ ಜೊತೆ 400 ಕೊಡುತ್ತಿದ್ದೆವು. ಇಂಟರ್‌ನೆಟ್ ಕಂಪನಿಯವರೂ ಹಳೇ ಮನೆಯ ಬಿಲ್ ಎಂದು ಮೆಸೇಜ್ ಕಳಿಸುತ್ತಿದ್ದಾರೆ. ಇಲ್ಲಿ ಹೊಸ ಮನೆಗೆ ಗೃಹಜ್ಯೋತಿ ಸಿಗುತ್ತಿಲ್ಲ, ಪೂರ್ತಿ ಬಿಲ್ ಕಟ್ಟುತ್ತಿದ್ದೇವೆ. ಯಜಮಾನರು "ಹೋಗಲಿ ಬಿಡು" ಅನ್ನುತ್ತಾರೆ. ನನಗೂ ಜೋರಾಗಿ ಕೇಳಲು ಬಾಯಿ ಬರುವುದಿಲ್ಲ. ಎರಡನೇ ಹೆರಿಗೆಯಲ್ಲಿ ಅಮ್ಮ ಬರಲಾಗದಿದ್ದಾಗ ದಿನಾ ಮೆಣಸಿನ ಸಾರು, ಬಿಸಿ ಅನ್ನ ಮೇಲಕ್ಕೆ ಕಳಿಸಿದವರು ಈ ಆಂಟಿಯೇ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಲೆಕ್ಕಕ್ಕೆ, ಎರಡನೇ ಸಲ ಆ ಮೆಣಸಿನ ಸಾರಿಗೆ. ಈ ಎರಡೂ ನಿಮ್ಮ ಮನಸ್ಸಿನಲ್ಲಿ ಒಂದೇ ಖಾತೆಯಲ್ಲಿವೆ. ಸಾರಿನ ಮಾತು ಆಮೇಲೆ, ಮೊದಲು ಲೆಕ್ಕ ನೋಡೋಣ.

ಬೆಸ್ಕಾಂಗೆ ನೀವು ಯಾರು? ಯಾರೂ ಅಲ್ಲ. ಮೀಟರಿನ ಆರ್‌ಆರ್ ನಂಬರ್ ಮನೆಯ ಓನರ್ ಹೆಸರಿನಲ್ಲಿರುತ್ತದೆ. ಬಿಲ್ ಕಟ್ಟದಿದ್ದರೆ ಹದಿನೈದು ದಿನದ ನೋಟಿಸ್ ಕೊಟ್ಟು ಲೈನ್ ಕಟ್ ಮಾಡುವುದು ಆ ಮನೆಯದೇ, ಲೈನ್‌ಮನ್ ಕೆಂಗೇರಿಗೆ ಬಂದು ನಿಮ್ಮ ಬಾಗಿಲು ಬಡಿಯುವುದಿಲ್ಲ. ಬಾಕಿ ಎನ್ನುವುದು ಮನೆಗೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದರೆ, ಹಿಂದಿನ ಮಾಲೀಕ ಉಳಿಸಿಹೋದ ವಿದ್ಯುತ್ ಬಾಕಿಯನ್ನು, ನಿಯಮದಲ್ಲಿ ಅವಕಾಶವಿದ್ದರೆ, ಕಟ್ಟಡ ಕೊಂಡ ಹೊಸಬರಿಂದಲೂ ಕೇಳಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓನರ್‌ಗಳು ಅಡ್ವಾನ್ಸ್‌ನಲ್ಲಿ ಸ್ವಲ್ಪ ಹಿಡಿದುಕೊಳ್ಳುವುದರ ಹಿಂದೆ ಈ ಭಯವಿದೆ. ನಾಲ್ಕು ತಿಂಗಳ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಟೆಂಪೋ ಕರೆಸಿದವರನ್ನು ಅವರೂ ಕಂಡಿರುತ್ತಾರೆ. ಒಂದು ಕೊನೆಯ ಬಿಲ್ ಬರುವವರೆಗೆ ಸ್ವಲ್ಪ ಹಣ ಹಿಡಿದುಕೊಂಡರೆ ನಾನು ತಪ್ಪು ಅನ್ನುವುದಿಲ್ಲ. ಐದು ತಿಂಗಳು, ನಲವತ್ತು ಸಾವಿರ ಅಂದರೆ ಅದು ಬೇರೆ ಮಾತು.

ನಿಮ್ಮ ಮತ್ತು ಆಂಟಿಯ ನಡುವೆ ಇರುವುದು ಬೆಸ್ಕಾಂ ಲೆಕ್ಕವಲ್ಲ, ನಿಮ್ಮಿಬ್ಬರ ಒಪ್ಪಂದ. ಬಾಡಿಗೆ ಕಾಯ್ದೆ ನೋಡಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಈಗ ಆ ದರಕ್ಕೆ ಈ ಊರಲ್ಲಿ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೆ ಉಳಿಯುವುದು ಅಗ್ರಿಮೆಂಟ್, ಸಾಮಾನ್ಯ ಕಾನೂನು ಮತ್ತು ಇಬ್ಬರೂ ಆರು ವರ್ಷ ನಡೆದುಕೊಂಡ ರೀತಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಒಮ್ಮೆ ಮಾಡಿಸಿ ಆಮೇಲೆ ಬಾಯಿಮಾತಿನಲ್ಲೇ ಮುಂದುವರಿಸಿದ್ದರೂ ಹೆದರಬೇಡಿ. ಬಾಡಿಗೆ ಕಳಿಸಿದ ಯುಪಿಐ ದಾಖಲೆ, ವಾಟ್ಸ್ಯಾಪ್ ಮಾತುಕತೆ ಎಲ್ಲವೂ ಸಾಕ್ಷಿಯೇ. ಯಾವುದನ್ನೂ ಡಿಲೀಟ್ ಮಾಡಬೇಡಿ.

ಬಾಡಿಗೆದಾರರು ಕೊಡಬೇಕಾದ್ದು ತಾವು ಇದ್ದ ದಿನಗಳಲ್ಲಿ ಉರಿಸಿದ ಕರೆಂಟಿಗೆ, ಬಳಸಿದ ನೀರಿಗೆ. ಕೀ ಕೊಟ್ಟ ದಿನಕ್ಕೆ ಆ ಹೊಣೆ ಮುಗಿಯುತ್ತದೆ. ಅವತ್ತು ಮೀಟರಿನ ಫೋಟೋ ತೆಗೆದಿದ್ದರೆ ನಿಮ್ಮ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ತೆಗೆದಿಲ್ಲ ಅಂದುಕೊಳ್ಳುತ್ತೇನೆ, ಯಾರೂ ತೆಗೆಯುವುದಿಲ್ಲ, ಆ ಗಡಿಬಿಡಿಯಲ್ಲಿ ಗ್ಯಾಸ್ ಸ್ಟವ್ ಎಲ್ಲಿಟ್ಟೆವು ಎನ್ನುವುದೇ ಗೊತ್ತಿರುವುದಿಲ್ಲ. ಪರವಾಗಿಲ್ಲ. ಮಾರ್ಚ್ ಮೊದಲ ವಾರ ಮೀಟರ್ ರೀಡರ್ ಕೊಟ್ಟ ಬಿಲ್‌ನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಅವುಗಳ ತಾರೀಖು ಎಲ್ಲ ಅಚ್ಚಾಗಿರುತ್ತದೆ. ಅದನ್ನು ನಿಮ್ಮ ಕೊನೆಯ ಬಿಲ್ ಎಂದು ಇಟ್ಟುಕೊಳ್ಳಿ. ಗೃಹಜ್ಯೋತಿಯಿಂದ ಅದು ಸೊನ್ನೆ ಬಂದಿದ್ದರೆ ಸೊನ್ನೆ. ಏಪ್ರಿಲ್ ಮಧ್ಯದವರೆಗೆ ಬೀಗ ಹಾಕಿದ್ದ ಮನೆಗೂ ನಿಗದಿತ ಶುಲ್ಕ ಓಡುತ್ತಿರುತ್ತದೆ. ಅದು ಓನರ್ ಪಾಲಿನದು.

ಮೇ, ಜೂನ್ ಬಿಲ್‌ಗಳ ವಿಷಯ ಇನ್ನೂ ಸ್ವಾರಸ್ಯಕರ. ಗೃಹಜ್ಯೋತಿಯಲ್ಲಿ ಆಧಾರ್ ಜೋಡಿಸುವುದು ಸರ್ಕಾರ ಆ ಮೀಟರಿನ ಪರವಾಗಿ ಬೆಸ್ಕಾಂಗೆ ಹಣ ಕೊಡಲಿ ಎಂದು. ಅದರಿಂದ ಮೀಟರ್ ನಿಮ್ಮ ಯಜಮಾನರದಾಗುವುದಿಲ್ಲ, ಬೇರೆಯವರು ಹಾಕಿದ ಗೀಸರಿನ ಹೊಣೆಯೂ ಬರುವುದಿಲ್ಲ. ಸೊನ್ನೆ ಬರುತ್ತಿದ್ದ ಬಿಲ್ ದಿಢೀರನೆ ಸಾವಿರ ದಾಟಿದೆ ಎಂದರೆ ಆ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿರಬೇಕು. ಆ ಗೆರೆ ದಾಟಿದರೆ ರಿಯಾಯಿತಿ ಇಲ್ಲ, ಇಡೀ ಬಿಲ್ ಕಟ್ಟಬೇಕು. ಬಿಲ್ಲಿನ ಮೇಲೆ ಯೂನಿಟ್ ಸಂಖ್ಯೆ ಇರುತ್ತದೆ, ನೋಡಿ. ಆ 3,910 ರೂಪಾಯಿ ಹೊಸ ಬಾಡಿಗೆದಾರರದು, ಅವರ ಹತ್ತಿರ ಕೇಳಲು ಆಂಟಿಗೆ ಮುಜುಗರವಾದರೆ ಆಂಟಿಯದು. ನಿಮ್ಮದಂತೂ ಅಲ್ಲ.

ಆದರೆ ಇಲ್ಲೊಂದು ಮಾತು ನಿಮಗೂ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಮನೆ ಬಿಟ್ಟು ಐದು ತಿಂಗಳಾದರೂ ನಿಮ್ಮ ಯಜಮಾನರ ಆಧಾರ್ ಆ ಮೀಟರಿನಲ್ಲೇ ಕೂತಿದೆ. ನಿಮ್ಮ ಹೆಸರಿನ ಸರ್ಕಾರದ ದುಡ್ಡು ಬೇರೆ ಮನೆಗೆ ಸಲ್ಲುವ ಹಾಗಿದೆ. ಅಲ್ಲಿನ ಹೊಸಬರು ತಮ್ಮ ಹೆಸರಲ್ಲಿ ಅರ್ಜಿ ಹಾಕಲಾರರು. ಒಬ್ಬರಿಗೆ ಒಂದೇ ಮೀಟರ್ ಎಂಬ ನಿಯಮದಿಂದ ನಿಮಗೂ ಕೆಂಗೇರಿಯಲ್ಲಿ ಸಿಗದು. ಯೋಜನೆ ಶುರುವಾದ 2023ರಲ್ಲಿ ಮನೆ ಬದಲಿಸಿದವರಿಗೆ ಇದಕ್ಕೆ ಸುಲಭದ ದಾರಿ ಇರಲಿಲ್ಲ. 2024ರಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡುವ, ಅಂದರೆ ಹಳೆಯ ಮೀಟರಿನಿಂದ ಆಧಾರ್ ಬಿಡಿಸುವ ಅವಕಾಶ ಕೊಟ್ಟರು. ಆಂಟಿಯ ದೂರಿನಲ್ಲಿ ಇಷ್ಟು ಮಾತ್ರ ನ್ಯಾಯವಿದೆ. ಇದನ್ನು ನೀವು ಒಪ್ಪಿಕೊಂಡರೆ ಉಳಿದದ್ದನ್ನು ಗಟ್ಟಿಯಾಗಿ ಹೇಳಲು ನಾಲಿಗೆ ಬರುತ್ತದೆ.

ಇನ್ನು ಆ 1,560. ಇಂಥದ್ದರಲ್ಲಿ ಬೆಂಗಳೂರಿನ ಬಾಡಿಗೆದಾರರು ವರ್ಷವರ್ಷ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುತ್ತಾರೆ. ಹೆಚ್ಚುವರಿ ಭದ್ರತಾ ಠೇವಣಿ ಎಂದರೆ ಬಿಲ್ ಅಲ್ಲ. ಹಿಂದಿನ ವರ್ಷದ ಬಳಕೆಯ ಸರಾಸರಿ ನೋಡಿ, ಎರಡು ತಿಂಗಳ ಬಿಲ್ಲಿನಷ್ಟು ಹಣ ತನ್ನಲ್ಲಿ ಠೇವಣಿ ಇರಬೇಕೆಂದು ಬೆಸ್ಕಾಂ ಕೇಳುವುದು. "ನಿಮ್ಮ ಬಳಕೆಯಿಂದಲೇ ತಾನೆ ಬಂದದ್ದು" ಎಂದು ಆಂಟಿ ಹೇಳಬಹುದು, ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಆ ಹಣ ಖರ್ಚಾಗುವುದಿಲ್ಲ, ಓನರ್ ಖಾತೆಯಲ್ಲೇ ಉಳಿಯುತ್ತದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದಕ್ಕೆ ಬಡ್ಡಿ ಕೊಡಬೇಕು, ಕನೆಕ್ಷನ್ ವಾಪಸ್ ಕೊಟ್ಟ ದಿನ ಅಸಲೂ ಓನರ್ ಕೈಸೇರುತ್ತದೆ. ಅವರ ಉಳಿತಾಯಕ್ಕೆ ನೀವು ಕಂತು ಕಟ್ಟುವುದೇಕೆ? ಹಿಂದಿನ ವರ್ಷಗಳಲ್ಲಿ ಬಿಲ್ಲಿನ ಜೊತೆ ಇಂಥದ್ದನ್ನು ನೀವೇ ಕಟ್ಟಿದ್ದರೆ ಅದನ್ನೂ ವಾಪಸ್ ಕೇಳಬಹುದು. ಕೇಳುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ನಾನಾದರೆ ಹಳೆಯದನ್ನು ಬಿಟ್ಟು, ಈ ಸಲದ್ದನ್ನು ಕೊಡಲ್ಲ ಎನ್ನುತ್ತಿದ್ದೆ.

ನೀರಿನ 6,400ದ ಬಗ್ಗೆ ನನಗೆ ಅಷ್ಟು ಖಚಿತ ತೀರ್ಪಿಲ್ಲ. ಕಟ್ಟಡಕ್ಕೆಲ್ಲ ಜಲಮಂಡಳಿಯದು ಒಂದೇ ಮೀಟರ್, ಸಂಪ್ ಒಂದೇ, ಮೋಟರ್ ಒಂದೇ, ಯಾವ ಮನೆ ಎಷ್ಟು ಬಳಸಿತು ಎನ್ನುವುದು ದೇವರಿಗೇ ಗೊತ್ತು. ಮೀಟರ್ ಕೆಟ್ಟು ಹಳೆಯ ಬಾಕಿ ಒಟ್ಟಿಗೆ ಬಿಲ್ಲಿನಲ್ಲಿ ಬರುವುದೂ ಉಂಟು. ಹಾಗಾಗಿ ಆಂಟಿ ಸುಳ್ಳು ಹೇಳುತ್ತಿದ್ದಾರೆ ಎಂದು ಹೊರಡಬೇಡಿ, ಬಿಲ್ಲಿನ ಪ್ರತಿ ಕೇಳಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗಿನ ಬಾಕಿ, ಎಷ್ಟು ಮನೆಗೆ ಹಂಚಿದ್ದಾರೆ, ಕೆಳಗಿನ ಅವರ ಮನೆಯ ಪಾಲು ಎಷ್ಟು? ಪ್ರತಿ ತಿಂಗಳು 400 ಎಂದು ನಿಗದಿ ಮಾಡಿಕೊಂಡು ಕೊಟ್ಟಿದ್ದೀರಿ, ಅವರು ತೆಗೆದುಕೊಂಡಿದ್ದಾರೆ. ಬಿಲ್ ಕಡಿಮೆ ಬಂದ ತಿಂಗಳು ಅವರು ಉಳಿದ ಚಿಲ್ಲರೆ ಮೇಲಕ್ಕೆ ಕಳಿಸಿರಲಿಕ್ಕಿಲ್ಲ, ಹೆಚ್ಚು ಬಂದದ್ದನ್ನು ಈಗ ಕೇಳಿಕೊಂಡು ಬರುವುದೂ ನ್ಯಾಯವಲ್ಲ. ಇದು ನನ್ನ ಅಭಿಪ್ರಾಯ. ಆದರೆ "ಬಿಲ್ ಪ್ರಕಾರ ಪಾಲು" ಎಂದು ಅಗ್ರಿಮೆಂಟ್‌ನಲ್ಲಿ ಬರೆದಿದ್ದರೆ, ಬಾಕಿ ನಿಜವಾಗಿಯೂ ನಿಮ್ಮ ಕಾಲದ್ದೇ ಆಗಿದ್ದರೆ, ನಿಮ್ಮ ಪಾಲು ಲೆಕ್ಕ ಹಾಕಿ ಕೊಟ್ಟುಬಿಡಿ. ಸುಮ್ಮನೆ ಎಳೆದಾಡಬೇಡಿ.

ಇಂಟರ್‌ನೆಟ್ ಬಿಲ್ ಆಂಟಿಗೆ ಸಂಬಂಧಿಸಿದ್ದಲ್ಲ. ಒಪ್ಪಂದ ನಿಮ್ಮ ಹೆಸರಲ್ಲಿದೆ, ಮನೆ ಬಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಕನೆಕ್ಷನ್ ನಿಲ್ಲಿಸಲು ಬರವಣಿಗೆಯಲ್ಲಿ ಹೇಳಿ, ರೂಟರ್ ಕಂಪನಿಯದಾದರೆ ಕೊಟ್ಟು ರಸೀದಿ ಪಡೆಯಿರಿ. ಪೈಪ್ ಗ್ಯಾಸ್ ನಿಮ್ಮ ಹೆಸರಲ್ಲಿದ್ದರೆ ಅದಕ್ಕೂ ಇದೇ ಮಾತು.

ಈಗ ಸಾರಿನ ಮಾತಿಗೆ ಬರೋಣ. ಬಾಣಂತಿಗೆ ಬಿಸಿ ಅನ್ನ ಕಳಿಸಿದವರನ್ನು ಮರೆಯಬಾರದು ನಿಜ. ಆದರೆ ಅದಕ್ಕೆ ಪ್ರತಿಯಾಗಿ ಬೇರೆಯವರ ಕರೆಂಟ್ ಬಿಲ್ ಕಟ್ಟಿದರೆ ನಿಮ್ಮ ಮನಸ್ಸು ಹಗುರಾಗುವುದಿಲ್ಲ, ಒಳಗೊಳಗೇ ಕುದಿಯುತ್ತದೆ. ಆಮೇಲೆ ಎದುರು ಸಿಕ್ಕರೂ ಮುಖ ತಿರುಗಿಸುವ ಹಾಗಾಗುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವತ್ತು ದುಡ್ಡಿನ ಮಾತೆತ್ತಬೇಡಿ. ದುಡ್ಡಿನ ಮಾತನ್ನು ಅದಕ್ಕೂ ಮೊದಲೇ ಬರೆದು ಕಳಿಸಿ. ಫೋನಿನಲ್ಲಿ ಬೇಡ, ಫೋನಿನಲ್ಲಿ ನೀವು ಸೋಲುತ್ತೀರಿ, ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ಹೀಗೆ ಬರೆಯಬಹುದು:

"ಆಂಟಿ, ನಮಸ್ಕಾರ. ಅಂಕಲ್ ಆರೋಗ್ಯ ಹೇಗಿದೆ? ನಾವು ಫೆಬ್ರವರಿ 28ಕ್ಕೆ ಕೀ ಕೊಟ್ಟಿದ್ದೇವೆ. ಮಾರ್ಚ್ ಮೊದಲ ವಾರದ ಬಿಲ್‌ವರೆಗೆ ಕರೆಂಟ್ ನಮ್ಮ ಲೆಕ್ಕ, ಮೇ, ಜೂನ್ ಬಿಲ್ ಈಗಿರುವವರದು. ಬೆಸ್ಕಾಂ ಡಿಪಾಸಿಟ್ ನಿಮ್ಮ ಖಾತೆಯಲ್ಲೇ ಉಳಿಯುವ ಹಣ ಆದ್ದರಿಂದ ಅದನ್ನು ನಾವು ಕೊಡುವುದಿಲ್ಲ. ಗೃಹಜ್ಯೋತಿಯಿಂದ ನಮ್ಮ ಹೆಸರು ತೆಗೆಸುವುದು ತಡವಾಯಿತು, ಕ್ಷಮಿಸಿ, ಈ ಭಾನುವಾರವೇ ತೆಗೆಸುತ್ತೇವೆ. ನೀರಿನ ಬಿಲ್ ಪ್ರತಿ ಕಳಿಸಿ, ನಮ್ಮ ಪಾಲಿದ್ದರೆ ಖಂಡಿತ ಕೊಡುತ್ತೇವೆ. ಪೇಂಟಿಂಗ್ 18,000 ಕಳೆದು ಉಳಿದ 22,000ದಲ್ಲಿ ನೀರಿನದ್ದು ತೀರ್ಮಾನ ಆಗುವವರೆಗೆ 6,400 ಇಟ್ಟುಕೊಂಡು, 15,600 ಈ ತಿಂಗಳು ಹಾಕಿಬಿಡಿ ಆಂಟಿ."

ಇದರಲ್ಲಿ ಒಂದು ಜಾಣತನವಿದೆ. ಅನುಮಾನವಿರುವ ಹಣವನ್ನು ಅವರ ಹತ್ತಿರವೇ ಬಿಟ್ಟಿದ್ದೀರಿ, ಅನುಮಾನವಿಲ್ಲದ್ದನ್ನು ಮಾತ್ರ ಕೇಳುತ್ತಿದ್ದೀರಿ. ಒಳ್ಳೆಯ ಮನುಷ್ಯರಾಗಿದ್ದರೆ ಇದಕ್ಕೆ ಒಪ್ಪುತ್ತಾರೆ, ನಿಮ್ಮ ಆಂಟಿ ಒಪ್ಪುತ್ತಾರೆ ಎಂದೇ ನನಗನ್ನಿಸುತ್ತದೆ.

ಒಪ್ಪದಿದ್ದರೆ? ಇನ್ನೊಂದು ತಿಂಗಳು ನೋಡಿ, ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಹಾಗಿದೆ. ಆದ್ದರಿಂದ ಅರ್ಜಿ ನಿಮ್ಮ ಹೆಸರಲ್ಲೇ ಇರಲಿ. ಅಗ್ರಿಮೆಂಟ್ ಯಜಮಾನರ ಹೆಸರಲ್ಲಿ ಮಾತ್ರ ಇದ್ದರೆ ಅದನ್ನು ಅಲ್ಲಿನ ವಕೀಲರಿಗೆ ಮೊದಲೇ ಹೇಳಿ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಹಣ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಸಮಯವಿದೆ, ಗಾಬರಿಯಿಂದ ಏನೂ ಮಾಡಬೇಕಾಗಿಲ್ಲ.

ಗಾಬರಿ ಬೇಕಿರುವುದು ಡಿ-ಲಿಂಕ್ ಬಗ್ಗೆ, ಅದು ಆಂಟಿಯ ಉತ್ತರಕ್ಕೆ ಕಾಯುವ ಕೆಲಸವಲ್ಲ. ಅದು ಮುಗಿದ ಮೇಲೆ ಕೆಂಗೇರಿ ಮನೆಗೆ ಅರ್ಜಿ ಹಾಕಲು ಅಲ್ಲಿನ ಬಿಲ್ಲಿನಲ್ಲಿರುವ ಅಕೌಂಟ್ ಐಡಿ, ಬಾಡಿಗೆ ಅಗ್ರಿಮೆಂಟ್, ಆಧಾರ್ ಬೇಕು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಅಂದರೆ ನಿಮ್ಮ ಯಜಮಾನರ ಫೋನಿಗೆ. "ಹೋಗಲಿ ಬಿಡು" ಎಂದವರನ್ನು ಈ ಭಾನುವಾರ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಳ್ಳಿ.